ವಾಘ್ಯಾನ ಗುಡುಗು, ಮಾವನ ಡೊಳ್ಳು

ವಾಘ್ಯಾನನ್ನು ನಾನು ಮೊದಲು ಕಂಡದ್ದು ಅವನ ಬಾಲದ ಕಡೆಯಿಂದ. ಹನ್ನೂರಿಗೆ ಹೋಗುವ ರಸ್ತೆಯ ಅಡಿಯಲ್ಲಿ ಮಳೆನೀರು ಹಾಯಲೆಂದು ಹಾಕಿದ ಸಿಮೆಂಟ್ ಪೈಪಿನೊಳಗೆ, ತಲೆಯನ್ನು ಕತ್ತಲಿಗೆ ಒಪ್ಪಿಸಿ ಬಾಲವನ್ನು ನಮಗೆ ಬಿಟ್ಟು ಮಲಗಿದ್ದ. ನಾನು ಪಶುವೈದ್ಯೆ. ಸೋಲಾಪುರದಲ್ಲಿ ಒಂದು ಸಣ್ಣ ದವಾಖಾನೆ ಇಟ್ಟುಕೊಂಡಿದ್ದೇನೆ. ಗುರುವಾರ ಅದಕ್ಕೆ ಬೀಗ ಹಾಕಿ, ಅಕ್ಕಲಕೋಟೆಯ ಸ್ವಾಮಿಗಳ ದರ್ಶನಕ್ಕೆ ಹೊರಟ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡು, ಆ ಊರು ದಾಟಿ ಹಳ್ಳಿಗಳಿಗೆ ಹೋಗುತ್ತೇನೆ. ಆ ಗುರುವಾರ ಹೋದದ್ದು ನಾಯಿಗಾಗಿ ಅಲ್ಲ, ಕುರಿಗಳಿಗಾಗಿ. ಮಳೆಗಾಲದ ಎಳೆ ಹುಲ್ಲು ತಿಂದು ಕುರಿಗಳು ಕರುಳುಬೇನೆಯಿಂದ ದಿಢೀರ್ ಸಾಯುವುದುಂಟು. ಅದಕ್ಕೆ ಮುಂಚಿತವಾಗಿ ಹಾಕುವ ಲಸಿಕೆ ನನ್ನ ಐಸ್ ಡಬ್ಬಿಯಲ್ಲಿತ್ತು. ಕುರಿಗಳ ಬಳಿ ಹೋಗುವುದು ಬಿಟ್ಟು ರಸ್ತೆಬದಿಯಲ್ಲಿ ಮೊಣಕಾಲೂರಿ ಪೈಪಿನೊಳಗೆ ಇಣುಕುತ್ತ ನಾನೇಕೆ ಕೂತಿದ್ದೆ ಎಂದರೆ, ಆ ಮಂದೆಯವರ ಸೊಸೆ ನನ್ನ ಕೈ ಹಿಡಿದು ಅಲ್ಲಿಗೆ ಎಳೆದುಕೊಂಡು ಬಂದಿದ್ದಳು.

ಮಂದೆ ಕಾಯುವವರು ಇಬ್ಬರೇ, ಮಾವ ಮತ್ತು ಸೊಸೆ. ಸೊಸೆಯ ಗಂಡ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಅಪರೂಪ. ಬೇಸಿಗೆಯಲ್ಲಿ ಹೊಲದವರು ಗೊಬ್ಬರದ ಆಸೆಗೆ ಇವರನ್ನು ಕರೆದು ತಮ್ಮ ಹೊಲದಲ್ಲಿ ಕುರಿ ತರುಬಿಸಿ ರಾತ್ರಿಯಿಡೀ ನಿಲ್ಲಿಸಿಕೊಳ್ಳುತ್ತಾರೆ. ಕೆಲವು ದಿನ ಒಬ್ಬರ ಹೊಲ, ಆಮೇಲೆ ಇನ್ನೊಬ್ಬರದು. ಗೂಟ ನೆಟ್ಟು ಸುತ್ತ ಬಲೆ ಕಟ್ಟಿದರೆ ಅದೇ ದಡ್ಡಿ. ಒಳಗೆ ಕುರಿ, ಹೊರಗೆ ನಾಯಿ. ಹಿಂದಿನ ಸಂಜೆ ಗುಡುಗು ಬಂದಾಗ ಹೊರಗಿರಬೇಕಾದ ನಾಯಿ ಇರಲಿಲ್ಲ. ಮಳೆ ನಿಂತ ಮೇಲೆ ನೋಡಿದರೆ ಬಲೆಯ ಒಂದು ಮೂಲೆ ಹರಿದಿತ್ತು, ಒಂದು ಮರಿಯನ್ನು ತೋಳ ಹೊತ್ತೊಯ್ದಿತ್ತು. ಆ ಬೇಸಿಗೆಯಲ್ಲಿ ಹಾಗಾದದ್ದು ಅದೇ ಮೊದಲಲ್ಲ.

ಮಾವ ನಮ್ಮ ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಎತ್ತರದ ಆಳು, ತಲೆಗೆ ಹಳದಿ ಪಟಕಾ, ಮಾತು ಕಡಿಮೆ. ನಾನು ಎದ್ದು ಕೈ ಕೊಡವಿಕೊಂಡ ಮೇಲೆ ತೀರ್ಪು ಹೇಳುವವರಂತೆ ಹೇಳಿದರು.

"ಮಿರಗ ಕೂಡೂದ್ರಾಗ ಇದನ್ನ ಸೋಲಾಪುರ ಬಜಾರದಾಗ ಬಿಟ್ಟ ಬರ್ತೀನ್ರಿ ಡಾಕ್ಟರಬಾಯಿ. ಕುರಿ ಕಾಯೂ ನಾಯಿ ಗುಡುಗ ಬಂದ ಕೂಡ್ಲೆ ಓಡಿ ಹೋದ್ರ, ತೋಳ ಬಂದಾಗ ನಾನಽ ಎದ್ದ ಬೊಗಳಬೇಕೇನ್ರಿ?"

ನಗು ಬಂತು, ಆದರೆ ನಗುವ ಮಾತಾಗಿರಲಿಲ್ಲ. ಮೃಗಶಿರ ಮಳೆ ಕೂಡಲು ಇನ್ನು ಉಳಿದದ್ದು ಬೇಸಿಗೆಯ ಕೊನೆಯ ತುಂಡು ಮಾತ್ರ. ಅವರು ಆಗಲೇ ಮಂದ್ರೂಪದಲ್ಲಿ ಬೇರೊಂದು ನಾಯಿಗೆ ಮಾತಾಡಿ ಇಟ್ಟಿದ್ದರು. ಅವರು ಕುರಿಗಳತ್ತ ನಡೆದ ಮೇಲೆ ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ತವರು ಹುಲಜಂತಿ. ಮದುವೆಯಾಗಿ ಬರುವಾಗ ಅವಳ ಅಪ್ಪ, ಮಂದೆಯ ನಾಯಿ ಹಾಕಿದ ಮರಿಗಳಲ್ಲಿ ಒಂದನ್ನು ಅವಳ ಮಡಿಲಿಗೆ ಹಾಕಿ ಕಳಿಸಿದ್ದನಂತೆ. ಅಪ್ಪ ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು.

"ತವರಿಂದ ನನ್ನ ಕೂಡ ಬಂದ ಜೀವ ಇದೊಂದಽ ಐತ್ರಿ ಬಾಯೀರ. ಬಜಾರದಾಗ ಬಿಟ್ರ ಅದು ಎಲ್ಲಿ ಹೋಗಬೇಕು? ಏನರ ಮಾಡ್ರಿ" ಎಂದಳು.

ಏನಾದರೂ ಮಾಡುವ ಮೊದಲು ನಾಯಿಯನ್ನು ಪೈಪಿನಿಂದ ಹೊರಗೆ ತರಬೇಕಿತ್ತು. ಎಳೆಯಬೇಡ ಎಂದೆ. ಅವಳು ರೊಟ್ಟಿ ಮುರಿದು ಕುರಿಹಾಲಿನಲ್ಲಿ ಅದ್ದಿ ಪೈಪಿನ ಬಾಯಲ್ಲಿಟ್ಟು ದೂರ ಕೂತಳು. ಅಷ್ಟರಲ್ಲಿ ನಾನು ಅರ್ಧ ಮಂದೆಗೆ ಲಸಿಕೆ ಹಾಕಿ ಮುಗಿಸಿದ್ದೆ. ಕೊನೆಗೂ ವಾಘ್ಯಾ ಹೊರಬಂದ. ಹುಲಿಯ ಹೆಸರು ಹೊತ್ತ ಆ ಕಂದು ನಾಯಿ ದೊಡ್ಡ ತಲೆಯದು, ಅಗಲ ಎದೆಯದು, ನೋಡಿದರೆ ಎದುರು ನಿಲ್ಲಲು ಯಾರಿಗಾದರೂ ಅಳುಕಾಗಬೇಕು. ಅವನೋ ನನ್ನ ಚೀಲದ ಜಿಪ್ಪಿನ ಸದ್ದಿಗೂ ಕಿವಿ ಮಡಚುತ್ತಿದ್ದ. ಕಿವಿ, ಹಲ್ಲು, ಕೀಲು ಎಲ್ಲ ನೋಡಿದೆ. ಮೈಯಲ್ಲಿ ಎಲ್ಲಾದರೂ ನೋವಿದ್ದರೆ ಸದ್ದಿನ ಭಯ ಇಮ್ಮಡಿಯಾಗುತ್ತದೆ, ಹಾಗಾಗಿ ಅದನ್ನು ಮೊದಲು ತಳ್ಳಿಹಾಕಬೇಕು. ಮುಂಗಾಲಿನ ಒಂದು ಉಗುರು ಸೀಳಿದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಭಯವೇ ಕಾಯಿಲೆ.

ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಮೊದಲೆಲ್ಲ ಗುಡುಗು ಬಂದರೆ ಸೊಸೆಯ ಕಾಲ ಬಳಿ ಬಂದು ಮುದುಡಿಕೊಳ್ಳುತ್ತಿತ್ತು, ಅಷ್ಟೆ. ಓಡಲು ಶುರು ಮಾಡಿದ್ದು ಈ ವರ್ಷ. ಅದಕ್ಕೆ ಕಾರಣವನ್ನು ಮಾವ ತಾವಾಗಿಯೇ ಹೇಳಿದರು, ತಪ್ಪು ಮಾಡಿದವರ ಹಾಗೆ ಅಲ್ಲ, ಮದ್ದು ಕೊಟ್ಟವರ ಹಾಗೆ. ಅವರು ಊರಿನ ಡೊಳ್ಳಿನ ಮೇಳದ ಹಿರಿಯರು. ಬೀರೋಬಾನ ಗುಡಿಯ ಮುಂದೆ ಮೇಳದವರು ತಾಲೀಮು ಮಾಡುವಾಗ ನಾಯಿಯ ಹಣೆಗೆ ದೇವರ ಅರಿಶಿನದ ಭಂಡಾರ ಹಚ್ಚಿ, ಗುಡಿಯ ಕಂಬಕ್ಕೆ ಕಟ್ಟಿ, ಸುತ್ತ ನಿಂತು ಬಾರಿಸಿದ್ದರು. ಅವರ ಮನೆಯ ಕೂಸುಗಳು ತೊಟ್ಟಿಲಲ್ಲೇ ಡೊಳ್ಳು ಕೇಳಿ ಬೆಳೆದಂಥವು. ಡೊಳ್ಳಿನ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದವು. ಕೂಸಿಗೆ ಆದದ್ದು ನಾಯಿಗೂ ಆದೀತು, ದೇವರ ಸದ್ದು ಕಿವಿಗೆ ಬಿದ್ದರೆ ಧೈರ್ಯ ಬಂದೀತು ಎಂದು ಅವರ ಲೆಕ್ಕ. ವಾಘ್ಯಾ ಹಗ್ಗ ಕಡಿದುಕೊಂಡು ಓಡಿದ. ಅಂದಿನಿಂದ ಗುಡುಗಿದರೆ ಮಾತ್ರವಲ್ಲ, ಮಾವ ಡೊಳ್ಳನ್ನು ಗೂಟದಿಂದ ಇಳಿಸಿದರೂ ಪರಾರಿ.

ನನಗೆ ಸಿಟ್ಟು ಬೇಗ ಬರುತ್ತದೆ. ನೀರಿಗೆ ಅಂಜುವವನನ್ನು ಬಾವಿಗೆ ನೂಕಿದ ಹಾಗೆ ಮಾಡಿದಿರಲ್ಲ ಎಂದು ದನಿ ಏರಿಸಿಯೇ ಹೇಳಿದೆ. ಮಾವ ಮುಖ ತಿರುಗಿಸಿದರು. ಸೊಸೆ ನೆಲ ನೋಡಿದಳು. ಆ ದಿನ ಚಹಾ ಬರಲಿಲ್ಲ.

ಮುಂದಿನ ಗುರುವಾರ ನಾನು ಒಂದು ಸಣ್ಣ ಸ್ಪೀಕರ್ ಒಯ್ದೆ. ಸೋಲಾಪುರದ ಮನೆಗಳಲ್ಲಿ ದೀಪಾವಳಿಯ ಪಟಾಕಿಗೆ ನಡುಗುವ ನಾಯಿಗಳಿಗೆ ನಾನು ಮಾಡಿಸುವ ಅಭ್ಯಾಸವೇ ಇದು. ಹೆದರಿಸುವ ಸದ್ದನ್ನು ಫೋನಿನಿಂದ ತೀರ ಮೆಲ್ಲಗೆ ಕೇಳಿಸುವುದು, ಕೇಳಿಸಿದ ಮರುಕ್ಷಣ ನಾಯಿಯ ಪ್ರೀತಿಯ ತಿನಿಸು ಕೊಡುವುದು, ನಾಯಿ ನಿಶ್ಚಿಂತೆಯಿಂದ ತಿನ್ನುತ್ತಿದ್ದರೆ ಮಾತ್ರ ಸದ್ದನ್ನು ಎಳ್ಳಷ್ಟು ಏರಿಸುವುದು. ಪಟಾಕಿಗೆ ಇದು ಚೆನ್ನಾಗಿ ಕೆಲಸ ಮಾಡಿದೆ. ಬೇವಿನ ನೆರಳಲ್ಲಿ ಕೂತು ಗುಡುಗಿನ ಸದ್ದು ಹಾಕಿದೆ. ವಾಘ್ಯಾ ಕಲೇಜಿಯ, ಅಂದರೆ ಕುರಿಯ ಯಕೃತ್ತಿನ, ಚೂರು ತಿಂದ. ಇನ್ನಷ್ಟು ಏರಿಸಿದೆ, ತಿಂದ. ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿದರೂ ಬಾಲ ಆಡಿಸುತ್ತ ಕೂತ. ನಾನು ಗೆದ್ದೆ ಎಂದುಕೊಂಡು ಸೊಸೆಗೆ ಸ್ಪೀಕರ್ ಒಪ್ಪಿಸಿ ಬಂದೆ.

ಎರಡು ದಿನ ಬಿಟ್ಟು ಅವಳ ದನಿಯ ಸಂದೇಶ ಬಂತು. ಓದುಬರಹ ಅವಳಿಗೆ ಮರಾಠಿಯದೇ ರೂಢಿ, ಮನೆಮಾತು ಕನ್ನಡ. ಹಾಗಾಗಿ ನಮ್ಮ ವ್ಯವಹಾರವೆಲ್ಲ ಫೋನಿನಲ್ಲಿ ಮಾತು ತುಂಬಿಸಿ ಕಳಿಸುವುದರಲ್ಲೇ ನಡೆಯುತ್ತಿತ್ತು. ನಿಜವಾದ ಗುಡುಗು ಬಂದಿತ್ತು, ವಾಘ್ಯಾ ಓಡಿದ್ದ, ಈ ಸಲವೂ ಪೈಪಿನಿಂದ ಹೊರಬರಲು ಮರುದಿನದ ಬಿಸಿಲು ಏರಬೇಕಾಯಿತು. ಅದೃಷ್ಟಕ್ಕೆ ತೋಳ ಬಂದಿರಲಿಲ್ಲ.

ತಪ್ಪಿದ್ದೆಲ್ಲಿ ಎಂದು ನಾನು ಯೋಚಿಸಬೇಕಾದದ್ದು ಆಗ. ಪಟಾಕಿಯ ಸದ್ದು ಚೂಪು, ಸಣ್ಣ ಸ್ಪೀಕರಿಗೂ ದಕ್ಕುತ್ತದೆ. ಗುಡುಗಿನ ಜೀವ ಇರುವುದು ಅದರ ಕೆಳದನಿಯಲ್ಲಿ, ನೆಲದಿಂದ ಕಾಲಿಗೆ ಏರಿ ಎದೆಗೆ ತಾಗುವ ಆ ಗುಡುಗುಡು ಕಂಪನದಲ್ಲಿ. ಅಂಗೈ ಅಗಲದ ಸ್ಪೀಕರಿನಿಂದ ಹೊರಟದ್ದು ಗುಡುಗಿನ ಸಿಪ್ಪೆ ಮಾತ್ರ. ವಾಘ್ಯಾ ಅದಕ್ಕೆ ಹೆದರದೇ ಇದ್ದದ್ದು ಧೈರ್ಯ ಬಂದು ಅಲ್ಲ, ಅದನ್ನು ಗುಡುಗು ಎಂದು ಅವನು ಒಪ್ಪಿಕೊಂಡೇ ಇರಲಿಲ್ಲ.

ನಡುವೆ ಗುಳಿಗೆಯನ್ನೂ ನೋಡಿದೆವು. ನಿದ್ದೆ ಬರಿಸುವ ಹಳೆಯ ಗುಳಿಗೆ ಕೊಟ್ಟುಬಿಡಿ ಎಂದು ಔಷಧಿ ಅಂಗಡಿಯವರು ಸಲಹೆ ಕೊಟ್ಟರು. ಅದು ಮೈಯನ್ನು ಕಟ್ಟಿಹಾಕುತ್ತದೆ, ಕಿವಿಯನ್ನು ಅಲ್ಲ. ಓಡಲಾರದ ನಾಯಿ ಒಳಗೊಳಗೇ ಇನ್ನಷ್ಟು ಹೆದರುತ್ತದೆ, ನೋಡುವವರಿಗೆ ಮಾತ್ರ ಶಾಂತವಾಗಿದೆ ಅನ್ನಿಸುತ್ತದೆ. ನಾನು ಬೇಡವೆಂದು, ಆತಂಕ ತಗ್ಗಿಸುವ ಬೇರೆ ಗುಳಿಗೆಯನ್ನು ವಾಘ್ಯಾನ ತೂಕಕ್ಕೆ ತಕ್ಕಷ್ಟು ಕೊಟ್ಟೆ. ಆದರೆ ಅದು ಮೋಡಕ್ಕಿಂತ ಮುಂಚೆ ಹೊಟ್ಟೆ ಸೇರಬೇಕು. ಬೇಸಿಗೆಯ ಮಳೆಮೋಡ ಹೇಳಿ ಕೇಳಿ ಬರುವುದಿಲ್ಲ. ಗುಳಿಗೆ ನುಂಗಿಸಿದ ದಿನ ಮೋಡ ಚದುರಿ ಹೋಯಿತು. ನುಂಗಿಸದ ದಿನ ಮಧ್ಯಾಹ್ನವೇ ಗುಡುಗಿತು. ವಾಘ್ಯಾ ಮತ್ತೆ ಪೈಪಿಗೆ ಹೋದ, ಮತ್ತೊಂದು ಮರಿ ಹೋಯಿತು. ಮಾವ ಮಂದ್ರೂಪದವರಿಗೆ ಫೋನ್ ಮಾಡಿ, ಹೊಸ ನಾಯಿ ಯಾವಾಗ ಒಯ್ಯಲಿ ಎಂದು ಕೇಳಿದರಂತೆ. ಅದನ್ನು ಹೇಳುವಾಗ ಸೊಸೆಯ ದನಿ ಅರ್ಧಕ್ಕೇ ನಿಂತು ಸಂದೇಶ ಮುಗಿದಿತ್ತು.

ಅದನ್ನು ಕೇಳಿ ನನಗೆ ಗುರುವಾರದವರೆಗೆ ಕಾಯಲು ಆಗಲಿಲ್ಲ. ದವಾಖಾನೆಗೆ ಅರ್ಧ ದಿನ ರಜೆ ಹಾಕಿ ಹೋದೆ. ಹೋಗುವಾಗ ನನ್ನ ಬಳಿ ಹೊಸ ಉಪಾಯ ಏನೂ ಇರಲಿಲ್ಲ. ಮಾವನನ್ನು ಒಪ್ಪಿಸಿ ಇನ್ನಷ್ಟು ಸಮಯ ಕೇಳುವುದಷ್ಟೇ ಮನಸ್ಸಿನಲ್ಲಿತ್ತು. ನಾನು ಮುಟ್ಟುವ ಹೊತ್ತಿಗೆ ಅವರು ದಡ್ಡಿಯಿಂದ ದೂರ, ನಾಯಿಗೆ ಕಾಣದಂತೆ ಹೊಲದ ಬದುವಿನ ಮೇಲೆ ಕೂತು ಡೊಳ್ಳಿನ ಹಗ್ಗ ಬಿಗಿ ಮಾಡುತ್ತಿದ್ದರು. ಬಿಗಿ ಸರಿಯಾಯಿತೇ ಎಂದು ನೋಡಲು ಎಡಗೈ ಬೆರಳಿಂದ ಚರ್ಮವನ್ನು ಒಮ್ಮೆ ತಟ್ಟಿದರು. ಸದ್ದು ಹೆಚ್ಚೇನೂ ಇರಲಿಲ್ಲ, ಆದರೆ ಪಕ್ಕದಲ್ಲಿ ನಿಂತ ನನ್ನ ಎದೆಗೂಡಿಗೆ ಅದು ತಾಗಿತು. ನನಗೆ ಬೇಕಿದ್ದ ಸ್ಪೀಕರ್ ಅವರ ತೊಡೆಯ ಮೇಲೆ ಕೂತಿತ್ತು. ಅದು ಹೆದರಿಸಬಲ್ಲದು ಎಂಬುದಂತೂ ಆಗಲೇ ಸಾಬೀತಾಗಿತ್ತು. ಹೆದರಿಸದ ಹಾಗೆ ಬಾರಿಸಲು ಬರುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಕೇಳಿದೆ. ಅವರು ಮೊದಲು ನಂಬಲಿಲ್ಲ. ಡೊಳ್ಳು ಬಾರಿಸಿದ್ದಕ್ಕೆ ಬೈದವಳು ಈಗ ಅದನ್ನೇ ಬಾರಿಸು ಅನ್ನುತ್ತಿದ್ದಾಳಲ್ಲ ಎಂದು ನನ್ನ ಮುಖ ನೋಡಿದರು. ಮೇಲಾಗಿ ನಾಯಿಗಾಗಿ ಡೊಳ್ಳು ಎತ್ತುವುದೆಂದರೆ ಜನ ಏನೆಂದಾರು. ನಾನು ಡೊಳ್ಳನ್ನಲ್ಲ, ಕಟ್ಟಿಹಾಕಿದ್ದನ್ನು ಬೈದದ್ದು ಎಂದೆ. ಈ ಸಲ ನಾಯಿಗೆ ಹಗ್ಗವಿಲ್ಲ, ಬೇಡವಾದರೆ ಎದ್ದು ಹೋಗಲು ದಾರಿ ಇದೆ; ಅದೇ ಮದ್ದಿನ ಅರ್ಧ ಪಾಲು. ಮಿರಗದ ತನಕ ಮಂದ್ರೂಪದ ನಾಯಿ ಮಂದ್ರೂಪದಲ್ಲೇ ಇರಲಿ ಎಂದೂ ಕೇಳಿಕೊಂಡೆ. ಅವರು ಡೊಳ್ಳನ್ನು ಹೆಗಲಿಗೇರಿಸಿ ಕೇಳಿದರು.

"ಎಷ್ಟ ದೂರ ಹೋಗಬೇಕ್ರಿ?"

ದಡ್ಡಿಯಿಂದ ಎರಡು ಹೊಲದಾಚೆ ಕಳಿಸಿದೆ. ನಾನು ಹೆಗಲ ಮೇಲಿನ ವಲ್ಲಿ ಎತ್ತಿದಾಗ ಅವರು ಡೊಳ್ಳಿನ ಎಡಮುಖವನ್ನು ಬೆರಳಿಂದ ಒಮ್ಮೆ ತಟ್ಟಬೇಕು, ಇಳಿಸಿದರೆ ಸುಮ್ಮನಾಗಬೇಕು. ಬಲಗೈಯ ಕೋಲು ನೆಲದ ಮೇಲೇ ಇರಲಿ ಎಂದೆ. ಸೊಸೆ ವಾಘ್ಯಾನ ಪಕ್ಕದಲ್ಲಿ ಕಲೇಜಿಯ ಡಬ್ಬಿ ಹಿಡಿದು ಕೂತಳು. ಮೊದಲ ತಟ್ಟಿಗೆ ಅವನ ಕಿವಿ ಹಿಂದಕ್ಕೆ ಬಾಗಿತು, ತುಟಿ ನೆಕ್ಕಿಕೊಂಡ, ಮುಂಗಾಲು ಎತ್ತಿ ಹಿಡಿದ, ಆದರೆ ಕಲೇಜಿ ತಿಂದ. ತಿಂದರೆ ಸರಿ, ಮೂತಿ ತಿರುಗಿಸಿದರೆ ನಾವು ಮಿತಿ ದಾಟಿದ್ದೇವೆ ಎಂದರ್ಥ. ಆಗ ಮಾವ ಇನ್ನೊಂದು ಬದು ಹಿಂದಕ್ಕೆ ಹೋಗಬೇಕು. ನಮ್ಮ ಅಳತೆಗೋಲು ಇದೊಂದೇ ಆಗಿತ್ತು. ಸೊಸೆಯ ತೊಂದರೆ ಬೇರೆ. ನಾಯಿ ಹೆದರೀತೆಂದು ಡೊಳ್ಳಿಗೆ ಮುಂಚೆಯೇ ತಿನಿಸು ಬಾಯಿಗೆ ಇಡುತ್ತಿದ್ದಳು. ಹಾಗೆ ಮಾಡಿದರೆ ಕಲೇಜಿ ಬಂತೆಂದರೆ ಡೊಳ್ಳು ಬರುತ್ತದೆ ಎಂದು ಕಲಿತು ನಾಯಿ ಕಲೇಜಿಗೇ ಹೆದರೀತು. ಮೊದಲು ಸದ್ದು, ಆಮೇಲೆ ತಿನಿಸು. ಇದನ್ನು ಎಷ್ಟು ಸಲ ಹೇಳಿದೆನೋ, ಕೊನೆಗೆ ಅವಳೇ ನಗುತ್ತ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಒತ್ತಿ ಹಿಡಿದು ಕೂರುವುದನ್ನು ರೂಢಿ ಮಾಡಿಕೊಂಡಳು.

ಮಾವನ ಕಷ್ಟ ನನಗೆ ತಡವಾಗಿ ತಿಳಿಯಿತು. ಜೀವಮಾನವೆಲ್ಲ ಊರಿಗೇ ಕೇಳಲೆಂದು ಬಾರಿಸಿದ ಕೈಗೆ ಮೆಲ್ಲಗೆ ಬಾರಿಸುವುದು ಸುಲಭವಲ್ಲ. ದಾರಿಯಲ್ಲಿ ಮೋಟರ್ ಸೈಕಲ್ ನಿಲ್ಲಿಸಿದವರು, ಹೊಲದ ನಡುವೆ ಒಬ್ಬಂಟಿಯಾಗಿ ಯಾವ ದೇವರಿಗೆ ಸೇವೆ ಎಂದು ಚುಡಾಯಿಸಿ ಹೋಗುತ್ತಿದ್ದರು. ಮಾವ ಮಾತ್ರ ಸಂಜೆಯ ಹೊತ್ತು ನಿಂತು ಬೆರಳಾಡಿಸಿದರು. ದಿನ ಕಳೆದಂತೆ ಬೆರಳಿನಿಂದ ಅಂಗೈಗೆ ಬಂದರು, ಎರಡು ಹೊಲದಿಂದ ಒಂದು ಹೊಲಕ್ಕೆ ಬಂದರು. ವಾಘ್ಯಾ ಡೊಳ್ಳು ಕೇಳಿದ ಕೂಡಲೇ ಸೊಸೆಯ ಡಬ್ಬಿ ನೋಡತೊಡಗಿದ. ಅದನ್ನು ಕೇಳಿದ ದಿನ ನಾನು ದವಾಖಾನೆಯಲ್ಲಿ ಎಲ್ಲರಿಗೂ ಚಹಾ ತರಿಸಿದೆ.

ಆಮೇಲೆ ಒಂದು ಸಂಜೆ ಎಲ್ಲ ಕೆಟ್ಟಿತು. ಮೇಳದ ಇಬ್ಬರು ಗೆಳೆಯರು ಬಂದು ಪಕ್ಕದಲ್ಲಿ ತಾಳ ಹಿಡಿದರಂತೆ; ಮಾವನಿಗೆ ತಾವು ಎಲ್ಲಿದ್ದೇವೆಂಬುದೇ ಮರೆತು ಕೈ ತಾನಾಗಿ ಕೋಲಿಗೆ ಹೋಯಿತು. ಪೂರ್ತಿ ಬಿರುಸಿನ ಒಂದು ವರಸೆ ಮುಗಿಯುವಷ್ಟರಲ್ಲಿ ವಾಘ್ಯಾ ರಸ್ತೆಯ ಪೈಪು ಸೇರಿದ್ದ. ಸೊಸೆ ಆ ಸುದ್ದಿ ಕಳಿಸಿದಾಗ ನನಗೆ ಅಳುವೇ ಬಂತು, ಅಷ್ಟು ದಿನದ ದುಡಿಮೆ ನೀರುಪಾಲಾಯಿತು ಅನ್ನಿಸಿ. ಆದರೆ ಅದೇ ಸಂದೇಶದ ಕೊನೆಗೆ ಅವಳು ಹೇಳಿದ್ದನ್ನು ಎರಡು ಸಲ ಹಾಕಿ ಕೇಳಿದೆ. ನಾಯಿ ಹೊರಗೆ ಬರುವ ತನಕ ಪೈಪಿನ ಬಾಯಲ್ಲಿ ಕಲೇಜಿ ಹಿಡಿದು ಕೂತದ್ದು ಮಾವನಂತೆ. ಅವಳು ಕೂರುತ್ತೇನೆ ಎಂದರೂ ಕೇಳದೆ ಅವಳನ್ನು ಕುರಿಗಳ ಕಡೆ ಕಳಿಸಿದರಂತೆ.

ಮುಂದಿನ ಗುರುವಾರ ನಾನು ಆ ಪೈಪಿನ ಮುಂದೆಯೇ ಹೋಗಿ ಕೂತೆ. ಅಷ್ಟು ದಿನ ನಾವು ಅದನ್ನು ನಾಯಿಯ ತಪ್ಪು ಎಂದು ನೋಡುತ್ತಿದ್ದೆವು. ಒಳಗೆ ಕತ್ತಲು, ಸುತ್ತ ಗೋಡೆ, ಮಿಂಚು ಕಾಣದು, ಸದ್ದು ಅರ್ಧಕ್ಕೆ ಇಳಿಯುತ್ತದೆ. ತನಗೆ ಏನು ಬೇಕೆಂದು ನಾಯಿ ನಮಗೆ ಮೊದಲ ದಿನದಿಂದಲೂ ತೋರಿಸುತ್ತಲೇ ಇತ್ತು. ಗುಡುಗಿಗೆ ಎದೆಯೊಡ್ಡಿ ನಿಲ್ಲಬೇಕೆಂದು ನಾವು ಹಟ ಹಿಡಿಯುವುದೇಕೆ? ಅವನು ಧೈರ್ಯವಂತನಾಗಬೇಕಿಲ್ಲ, ದಡ್ಡಿ ಬಿಟ್ಟು ಹೋಗದಿದ್ದರೆ ಸಾಕು. ಆ ಪೈಪು ದಡ್ಡಿಯ ಪಕ್ಕಕ್ಕೆ ಬಂದರೆ ಓಡುವ ಅಗತ್ಯವೇ ಇರುವುದಿಲ್ಲ. ಆದರೆ ದಡ್ಡಿ ಹೊಲದಿಂದ ಹೊಲಕ್ಕೆ ಹೋಗುವಂಥದು, ಸಿಮೆಂಟಿನ ಪೈಪನ್ನು ಹೊತ್ತು ತಿರುಗುವವರು ಯಾರು.

ಎಳೆ ಕುರಿಮರಿಗಳನ್ನು ಮುಚ್ಚಿಡಲು ಅವರ ಬಳಿ ದೊಡ್ಡ ಬಿದಿರಿನ ಬುಟ್ಟಿಗಳಿದ್ದವು. ಒಂದನ್ನು ಬೋರಲು ಹಾಕಿ, ನಾಯಿ ನುಸುಳುವಷ್ಟು ಬಾಯಿ ಕತ್ತರಿಸಿ, ಮೇಲೆ ಕಂಬಳಿ ಹೊದಿಸಿದರೆ ಆಯಿತು ಎಂದೆ. ಬುಟ್ಟಿಗೆ ಮಾವ ಒಪ್ಪಿದರು, ಕಂಬಳಿಗೆ ಇಲ್ಲ. ಕಂಬಳಿ ದೇವರನ್ನು ಕೂರಿಸುವ ಗದ್ದುಗೆ, ಅದನ್ನು ನಾಯಿಗೆ ಹೊದಿಸುವುದೇ? ನಾನು ವಾದಕ್ಕೆ ಇಳಿಯಲಿಲ್ಲ, ಗೋಣಿತಾಟು ಹಾಕಿದೆ. ಗೋಣಿಯ ಕಣ್ಣುಗಳಿಂದ ಬೆಳಕು ತೂರಿ ಬರುತ್ತಿತ್ತು. ವಾಘ್ಯಾ ಒಳಗೆ ಮೂತಿ ಹಾಕಿ ಹಿಂದೆ ಬಂದ. ಸೊಸೆ ಹೋಗಿ ತನ್ನ ಗಂಟಿನಿಂದ ಒಂದು ಹಳೆಯ ಕರಿಕಂಬಳಿ ತಂದಳು. ಅಪ್ಪ ಹೊದೆಯುತ್ತಿದ್ದದ್ದು, ಅಂಚು ಹರಿದಿತ್ತು. ಅದನ್ನು ಬುಟ್ಟಿಯ ಮೇಲೆ ಹರಡುವಾಗ ಅವಳು ಮಾವನ ಕಡೆ ನೋಡಲಿಲ್ಲ. ಮಾವ ಅವಳನ್ನು ತಡೆಯಲೂ ಇಲ್ಲ. ವಾಘ್ಯಾ ಕಂಬಳಿಯನ್ನು ಬಹಳ ಹೊತ್ತು ಮೂಸಿ, ಒಳಗೆ ಹೋಗಿ, ಒಂದು ಸುತ್ತು ಸುತ್ತಿ ಮಲಗಿದ.

ಉಳಿದ ದಿನಗಳಲ್ಲಿ ಅವನ ಊಟವೆಲ್ಲ ಬುಟ್ಟಿಯೊಳಗೇ ಆಯಿತು. ಬುಟ್ಟಿ ದಡ್ಡಿಯ ಜೊತೆಗೇ ಹೊಲ ಬದಲಿಸುತ್ತಿತ್ತು. ಡೊಳ್ಳನ್ನು ಮತ್ತೆ ಎರಡು ಹೊಲದಾಚೆಯಿಂದ ಶುರು ಮಾಡಿ ಹತ್ತಿರಕ್ಕೆ ತಂದೆವು. ಈಗ ನಾಯಿ ಕೂರುವುದು ಬುಟ್ಟಿಯ ಬಾಯಲ್ಲಿ, ಸಾಕೆನಿಸಿದರೆ ಒಳಗೆ. ಡೊಳ್ಳು ಹತ್ತಿರ ಬಂದಾಗ ಅವನು ಬುಟ್ಟಿಗೆ ನುಗ್ಗತೊಡಗಿದ, ರಸ್ತೆಯ ಕಡೆಗಲ್ಲ. ಕೊನೆಯ ಗುರುವಾರ ಹೋದಾಗ ವಾಘ್ಯಾನಿಗೆ ವರ್ಷಕ್ಕೊಮ್ಮೆ ಹಾಕುವ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿ ಬಂದೆ. ವಾಸಿಯಾಗಿದೆ ಎಂದು ನಾನು ಹೇಳಲಿಲ್ಲ, ಯಾಕೆಂದರೆ ನನಗೆ ಗೊತ್ತಿರಲಿಲ್ಲ. ನಿಜವಾದ ಗುಡುಗಿಗೆ ಮಿಂಚಿದೆ, ಗಾಳಿಯಿದೆ, ಮಣ್ಣಿನ ವಾಸನೆಯಿದೆ. ಇವು ಯಾವುವೂ ಡೊಳ್ಳಿನಲ್ಲಿಲ್ಲ.

ಮಿರಗ ಕೂಡಿದ ಮೇಲೆ ಒಂದು ಸಂಜೆ ಸೋಲಾಪುರದಲ್ಲಿ ದವಾಖಾನೆಯ ಬಾಗಿಲಿಗೆ ಬಂದು ನೋಡಿದೆ. ಅಕ್ಕಲಕೋಟೆಯ ದಿಕ್ಕು ಕಪ್ಪಗಾಗಿತ್ತು, ಅಲ್ಲಿನ ಮಿಂಚು ಇಲ್ಲಿಗೇ ಕಾಣುತ್ತಿತ್ತು. ಸೊಸೆಗೆ ಫೋನ್ ಮಾಡಿದರೆ ಸಂಪರ್ಕ ಸಿಗಲಿಲ್ಲ. ನನ್ನಲ್ಲೂ ಕರೆಂಟು ಹೋಯಿತು. ಒಂದು ಬೆಕ್ಕಿನ ಬಾವು ಒಡೆದು ತೊಳೆಯುವ ಕೆಲಸ ಇತ್ತು, ಟಾರ್ಚಿನ ಬೆಳಕಲ್ಲಿ ಮುಗಿಸಿದೆ. ಪ್ರತಿ ಸಲ ಗುಡುಗಿದಾಗಲೂ ಪೈಪು, ಬುಟ್ಟಿ, ಪೈಪು, ಬುಟ್ಟಿ ಎಂದು ತಲೆಯೊಳಗೆ ಓಡುತ್ತಿತ್ತು. ಬೆಳಿಗ್ಗೆ ದವಾಖಾನೆ ತೆರೆಯುತ್ತಿದ್ದ ಹಾಗೆ ಫೋನ್ ಬಂತು. ಸೊಸೆಯ ನಂಬರು, ದನಿ ಮಾತ್ರ ಮಾವನದು.

"ನಿನ್ನಿ ದಡ್ಡಿ ಬಾಜೂಕಿನ ಬೇವಿನ ಗಿಡಕ್ಕ ಸಿಡ್ಲ ಹೊಡೀತ್ರಿ ಬಾಯೀರ. ನಾನೂ ಸೊಸಿನೂ ಅಂಜಿ ಹೊಲದವರ ಶೆಡ್ಡಿಗೆ ಓಡಿ ಬಂದ್ವಿ" ಎಂದರು. ಆಮೇಲೆ, "ನಾಯಿ ಓಡ್ಲಿಲ್ರಿ" ಎಂದರು.

ಉಳಿದದ್ದನ್ನು ಕೇಳಿ ಕೇಳಿ ಹೊರಡಿಸಬೇಕಾಯಿತು. ವಾಘ್ಯಾ ಮೊದಲ ಗುಡುಗಿಗೇ ಬುಟ್ಟಿ ಹೊಕ್ಕಿದ್ದ. ನಡುಗುತ್ತಿದ್ದದ್ದು ಹೌದು, ಬುಟ್ಟಿಯೇ ಅಲ್ಲಾಡುತ್ತಿತ್ತಂತೆ. ಮಳೆ ಇಳಿದ ಮೇಲೆ ಇವರು ಶೆಡ್ಡಿನಿಂದ ಹೊರಟು ಬರುವಷ್ಟರಲ್ಲಿ ಅವನು ಹೊರಬಂದು ದಡ್ಡಿಯ ಸುತ್ತ ಓಡಾಡುತ್ತಿದ್ದ, ಪ್ಲಾಸ್ಟಿಕ್ ಹಾಳೆ ಹೊದ್ದು ಬಂದ ಮಾವನನ್ನು ಗುರುತು ಹಿಡಿಯದೆ ಮೇಲೆ ಏರಿಬಂದು ಬೊಗಳಿದ್ದ. ಬಲೆ ಸರಿಯಿತ್ತು, ಮರಿಗಳೆಲ್ಲ ಇದ್ದವು. ಹಿಂದೆ ಎಲ್ಲೋ ಸೊಸೆ ನಗುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ನಾನು ಗೋಡೆಗೆ ಒರಗಿ ನಿಂತೆ.

ಇನ್ನೇನು ಫೋನ್ ಇಡುತ್ತಾರೆ ಅನ್ನುವಾಗ ಮಾವ ಕೇಳಿದರು.

"ಇದಕ್ಕ ಮುಂದಿನ ವರ್ಷದ ಸೂಜಿ ಯಾವಾಗ್ರಿ?"

ಮುಂದಿನ ಮಿರಗಕ್ಕೆ ಮುಂಚೆ, ನಾನೇ ಬಂದು ಹಾಕುತ್ತೇನೆ ಎಂದೆ. ಹಂಗಾದ್ರ ಬರ್ರಿ ಎಂದು ಫೋನ್ ಇಟ್ಟರು. ಹೊರಗೆ ಬೆಂಚಿನ ಮೇಲೆ ನಾಯಿ, ಬೆಕ್ಕು ಹಿಡಿದು ಜನ ಕಾಯುತ್ತಿದ್ದರು. ಅವರನ್ನು ಇನ್ನೂ ಸ್ವಲ್ಪ ಕಾಯಿಸಿ, ಒಳಗೆ ಕೂತು ಕಣ್ಣೊರೆಸಿಕೊಂಡೆ.